ಪತ್ರಿಕಾಧರ್ಮವೂ ಸಭಾಧರ್ಮವೂ

ಆಡಳಿತವನ್ನು ಪರೀಕ್ಷಿಸುವುದು ಪತ್ರಿಕಾಕರ್ತನ ಧರ್ಮ. ಆಡಳಿತಕ್ಕೆ ಬೇಕಾದ ಶಾಸನಗಳನ್ನು ರಚಿಸುವುದು ಸಭಾಸದನ ಧರ್ಮ. ಇವೆರಡೂ ಒಬ್ಬನಲ್ಲಿಯೇ ಸೇರಿದಾಗ ಅವನು ತನ್ನ ಕಾರ್ಯಕ್ಕೆ ತಾನೇ ಸಾಕ್ಷಿಯೂ ತಾನೇ ನ್ಯಾಯಾಧಿಪತಿಯೂ ಆಗುವ ಭಯವುಂಟು. ಆ ಭಯವನ್ನು ಗೆದ್ದವರಲ್ಲಿ ಡಿ. ವಿ. ಗುಂಡಪ್ಪನವರು (1887–1975) ಅಗ್ರಗಣ್ಯರು. ಆದರೆ ಆ ಜಯವು ಎಷ್ಟರಮಟ್ಟಿನದೆಂಬುದು ವಿಚಾರಾರ್ಹವಾಗಿದೆ.

ಮುಳಬಾಗಿಲಿನಲ್ಲಿ ಜನಿಸಿದ ಗುಂಡಪ್ಪನವರಿಗೆ ಕಾಲೇಜಿನ ವಿದ್ಯಾಭ್ಯಾಸವಿರಲಿಲ್ಲ. ಬೆಂಗಳೂರಿನ ಪತ್ರಿಕಾಲಯಗಳೇ ಅವರಿಗೆ ಪಾಠಶಾಲೆಗಳಾದುವು. 1908ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳನ್ನು ಅಂಕೆಯಲ್ಲಿಡಲು ನಿಬಂಧನೆಯನ್ನು ತಂದಿತು. ಹಲವು ಪತ್ರಿಕೆಗಳು ನಿಂತುಹೋದುವು. ಇದನ್ನು ಯೌವನದಲ್ಲಿಯೇ ಕಂಡ ಅವರು ಧೈರ್ಯಗುಂದದೆ 1913ರಲ್ಲಿ ‘ಕರ್ಣಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ದೇಶೀಯ ಸಂಸ್ಥಾನಗಳ ಪ್ರಜೆಗಳ ಹಕ್ಕೇನೆಂಬುದು ಅವರು ಮತ್ತೆ ಮತ್ತೆ ಎತ್ತಿದ ಪ್ರಶ್ನೆ.

ಅನಂತರ, 1920ರ ದಶಕದ ಉತ್ತರಾರ್ಧದಿಂದ 1940ರವರೆಗೆ, ಅವರು ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಆ ಸಭೆಯ ಅಧಿಕಾರವು ಮಿತವಾದುದು. ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಸಭೆಯ ಮತದಿಂದ ದಿವಾನರು ಪದಚ್ಯುತರಾಗುತ್ತಿರಲಿಲ್ಲ. ಆದುದರಿಂದ ಸದಸ್ಯನಿಗೆ ಯುಕ್ತಿಯುಕ್ತವಾದ ಮಾತೊಂದೇ ಆಯುಧ. ಸಂಗತಿಗಳನ್ನು ತೂಗಿ ನೋಡಿ, ಎದುರು ಪಕ್ಷವನ್ನೂ ಆಲಿಸಿ, ಆಮೇಲೆ ಅಭಿಪ್ರಾಯವನ್ನು ಹೇಳುವ ಪತ್ರಿಕಾಭ್ಯಾಸವು ಅಲ್ಲಿ ಸಫಲವಾಗತಕ್ಕುದು. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವಂತೆ, ದೇಹಲೀದೀಪನ್ಯಾಯದಿಂದ, ಒಂದೇ ವಿವೇಕವು ಎರಡು ಕಾರ್ಯಗಳಿಗೂ ಒದಗುವುದು ಸಾಧ್ಯ.

ದೋಷವನ್ನೂ ಹೇಳಬೇಕು. ‘ಕರ್ಣಾಟಕ’ವು ಅರಮನೆಗೂ ವಿದ್ಯಾವಂತರಿಗೂ ಮುಟ್ಟಿತು, ಕಂದಾಯ ಕೊಟ್ಟ ರೈತನಿಗೆ ಆ ಭಾಷೆ ಬಾರದು. ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರನ್ನು ಕುರಿತ ಸಂಪುಟವನ್ನು ನೋಡಿದರೂ ಆಳಿದವರ ಗುಣಗಳು ಉಜ್ಜ್ವಲವಾಗಿವೆ, ಆಳಿಸಿಕೊಂಡವರ ಕಷ್ಟವು ಅಷ್ಟು ಸ್ಪಷ್ಟವಾಗಿಲ್ಲ. ಸೌಜನ್ಯವು ಸಂಪಾದಕನ ಕಾಠಿನ್ಯವನ್ನು ಅಲ್ಲಲ್ಲಿ ಸಡಿಲಿಸಿದೆ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದುದು ಅವರ ಕನ್ನಡ ಗ್ರಂಥಗಳೇ. ‘ವೃತ್ತಪತ್ರಿಕೆ’, ‘ರಾಜ್ಯಶಾಸ್ತ್ರ’ ಮುಂತಾದುವುಗಳಿಂದ ರಾಜ್ಯವಿಚಾರವು ತಾಯ್ನುಡಿಯಲ್ಲಿ ಮನೆಮನೆಗೆ ಬರುವಂತಾಯಿತು. 1953ರವರೆಗೆ ಮದರಾಸಿನ ಆಳ್ವಿಕೆಯಲ್ಲಿದ್ದ ಬಳ್ಳಾರಿ ಸೀಮೆಗೆ ಮೈಸೂರಿನ ಆ ಸಭೆಯು ಹೊರಗಿನದು. ಆದರೆ ಈ ಪುಸ್ತಕಗಳು ಸಿರಿಗೇರಿಯ ಓದುಗನಿಗೂ ಸ್ವಂತವಾದುವು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದೂ ಪ್ರಜಾಶಿಕ್ಷಣಕ್ಕಾಗಿಯೇ.

ಪತ್ರಿಕೆಯನ್ನೂ ಶಾಸನಸಭೆಯ ಸ್ಥಾನವನ್ನೂ ಒಟ್ಟಿಗೆ ಹಿಡಿದವರು ಇಂದೂ ಉಂಟು. ಅಂಥವರನ್ನು ಅಳೆಯುವಾಗ ಕೇಳಬೇಕಾದುದು ಇಷ್ಟೇ: ಪತ್ರಿಕೆಯು ಪದವಿಗೆ ಸೋಪಾನವಾಯಿತೋ, ಇಲ್ಲವೆ ಪದವಿಯಿಂದ ಪ್ರಜೆಯ ತಿಳಿವಳಿಕೆ ಬೆಳೆಯಿತೋ? ಗುಂಡಪ್ಪನವರ ವಿಷಯದಲ್ಲಿ ಉತ್ತರಕ್ಕೆ ಸಂದೇಹವಿಲ್ಲ. ಸಭೆಯ ಸ್ಥಾನವನ್ನು ಬಿಟ್ಟ ಮೇಲೂ ಅವರ ಲೇಖನಿಗೆ ಬಿಡುವಿರಲಿಲ್ಲ.