ಪತ್ತನಾಜೆಗೆ ಮೊದಲಿನ ತಿಂಡಿ

ಮನೆಯಲ್ಲೇ ಹಲಸಿನ ತಿಂಡಿ ಮಾಡಿ ಮಾರುವವರು ಪ್ಯಾಕೆಟ್ಟಿನ ಮೇಲೆ ಏನೇನು ಅಚ್ಚು ಹಾಕಿಸಬೇಕು ಎಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಚುಟುಕಾಗಿ ಮುಗಿಸುತ್ತೇನೆ: ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಸಂಖ್ಯೆ, ನಿವ್ವಳ ತೂಕ, ತಯಾರಾದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಏನೇನು ಹಾಕಿದ್ದೀರಿ, ಹಸಿರು ಚುಕ್ಕೆ, ವಿಳಾಸ. ‘ಅಜ್ಜಿಯ ಕೈರುಚಿ’ ಎಂದು ಬರೆಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬಿ.ಸಿ. ರೋಡಿನಿಂದ ಉಜಿರೆಯವರೆಗಿನ ಅಂಗಡಿಗಳಲ್ಲಿ ತೂಗುವ ಚಿಪ್ಸ್ ಪ್ಯಾಕೆಟ್ ನೋಡಿದರೆ, ನಮ್ಮ ಅಜ್ಜಿಯಂದಿರೆಲ್ಲ ಪೆರಿಪೆರಿ ಪುಡಿ ಉದುರಿಸುತ್ತಿದ್ದರು ಎಂದು ನಂಬಬೇಕಾಗುತ್ತದೆ.

ಆ ಪುಡಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಪೆರಿಪೆರಿಯ ಮೆಣಸು ಪೋರ್ಚುಗೀಸರ ಹಡಗಿನಲ್ಲಿ ಆಫ್ರಿಕಕ್ಕೆ ಹೋದದ್ದು. ಬೆಳ್ತಂಗಡಿಯ ಹಿತ್ತಿಲುಗಳಲ್ಲಿ ಹಕ್ಕಿ ಹಿಕ್ಕೆಯಿಂದ ತಾನಾಗಿ ಮೊಳೆಯುವ ಗಾಂಧಾರಿ ಮೆಣಸಿನ ಒಡಹುಟ್ಟು. ಬಾವಿಕಟ್ಟೆಯ ಬಳಿ ಗಾಂಧಾರಿ ಉದುರಿ ಹೋಗುತ್ತಿರುವಾಗ ಡಬ್ಬಿಯ ಪುಡಿಗೆ ದುಡ್ಡು ಕೊಡುವುದೇಕೆ? ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಎತ್ತಿಕೊಂಡು ಪೆರಿಪೆರಿ ಪಂಗಡದವರು ನನ್ನೊಡನೆ ವಾದಕ್ಕೆ ಬಂದರೂ ಬರಬಹುದು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಆ ಜೈನ ಪ್ರಭು ಪಾಕಶಾಸ್ತ್ರವನ್ನು ಷಟ್ಪದಿಯಲ್ಲಿ ಹಾಡಿದವನು, ಬದನೆ ಬಾಳೆಗಳ ಜೊತೆ ಹಲಸಿಗೂ ಜಾಗ ಕೊಟ್ಟವನು. ಅವನ ಒಗ್ಗರಣೆಯ ಕೈ ದೊಡ್ಡದು, ಅದನ್ನು ಒಪ್ಪುತ್ತೇನೆ. ಆದರೆ ಅವನ ಕಾಲದ ಅಡುಗೆಗೆ ಮೆಣಸಿನಕಾಯಿಯೇ ಬಂದಿರಲಿಲ್ಲ. ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿ.

ಮಸಾಲೆಯ ಆರ್ಭಟ ಹೆಚ್ಚಾದಲ್ಲಿ ಸೊಳೆಯ ಹದ ತಪ್ಪಿದೆ ಎಂದೇ ನನ್ನ ಅನುಮಾನ. ಸೋಂಟೆಗೆ, ಎಂದರೆ ಹಲಸಿನ ಚಿಪ್ಸಿಗೆ, ಬೇಕಾದದ್ದು ಬಕ್ಕೆ ಹಲಸು. ಬಲಿತಿರಬೇಕು, ಸಿಹಿ ಇಳಿದಿರಬಾರದು. ಎಳೆಯದಾದರೆ ಪಿಷ್ಟವಿಲ್ಲದೆ ನಾರು ನಾರು. ಒಂದೆರಡು ದಿನ ತಡವಾದರೆ ಪಿಷ್ಟ ಸಕ್ಕರೆಯಾಗತೊಡಗುತ್ತದೆ, ಸೊಳೆಯೊಳಗಿನ ನೀರು ಆರುವ ಮೊದಲೇ ಮೈ ಕಂದಿ ಕಹಿಯಾಗುತ್ತದೆ. ಬೀಜದಿಂದ ಹುಟ್ಟಿದ ಹಲಸಿನಲ್ಲಿ ಒಂದು ಮರದ ಗುಣ ಇನ್ನೊಂದಕ್ಕಿಲ್ಲ, ಹಾಗಾಗಿ ಕ್ಯಾಲೆಂಡರ್ ನೋಡಿ ಕೊಯ್ಯುವ ಹಾಗಿಲ್ಲ. ಮುಳ್ಳು ಅಗಲವಾಯಿತೇ, ಬಡಿದರೆ ಸದ್ದು ಹೇಗಿದೆ ಎಂದು ಮರ ಮರಕ್ಕೆ ಹೋಗಿಯೇ ತಿಳಿಯಬೇಕು. ಬಂಟ್ವಾಳ ತಾಲೂಕಿನ ಅಳಿಕೆ ಕಡೆಯ ಹಲಸು ಸ್ನೇಹಿ ಕೂಟದವರೂ ಪುತ್ತೂರಿನ ‘ಅಡಿಕೆ ಪತ್ರಿಕೆ’ಯೂ ಊರೂರಿನ ಮರಗಳ ಗುಣವನ್ನು ಅಷ್ಟು ಮುತುವರ್ಜಿಯಿಂದ ದಾಖಲಿಸಿದ್ದರ ಲಾಭ ಇಲ್ಲಿ ತಿಳಿಯುತ್ತದೆ. ಉಳಿದದ್ದು ತೆಂಗಿನೆಣ್ಣೆ, ಇಳಿಸುವ ಹೊತ್ತಿಗೆ ಬಾಣಲೆಗೆ ಒಂದು ಸೌಟು ಉಪ್ಪುನೀರು. ಆ ಚಟಪಟ ನಿಂತ ಮೇಲೆ ಜಾಲರಿ ಹಾಕಿ. ಬೇರೆ ಮಸಾಲೆ ಬೇಡ.

ಎದುರು ಪಾಳೆಯದವರ ಉತ್ತರ ನನಗೆ ಬಾಯಿಪಾಠ: ವಿಯೆಟ್ನಾಮಿನ ವಿನಾಮಿಟ್ ಕಂಪನಿ ನೋಡಿ, ನಿರ್ವಾತದಲ್ಲಿ ಕಡಿಮೆ ಶಾಖಕ್ಕೆ ಕರಿದರೆ ಹಣ್ಣಿನ ಸೊಳೆಯೂ ಕಂದುವುದಿಲ್ಲ, ಬಣ್ಣ ಹಾಗೇ ಇರುತ್ತದೆ. ನಿಜ. ತಿಂದಿದ್ದೇನೆ, ಚೆನ್ನಾಗಿದೆ. ಆದರೆ ಆ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿದು, ಪಿಎಂಎಫ್‌ಎಂಇ ಯೋಜನೆಯ ಶೇ. 35ರ ಸಹಾಯಧನ ಸಿಕ್ಕರೂ ಉಳಿದದ್ದಕ್ಕೆ ಬ್ಯಾಂಕಿನ ಕಂತು ಕಟ್ಟುತ್ತ, ವರ್ಷವಿಡೀ ಹಣ್ಣು ಹುಡುಕುವವರನ್ನು ಮನೆಯುದ್ಯಮಿ ಎನ್ನಲು ನನಗೆ ಮನಸ್ಸಿಲ್ಲ. ಜಗಲಿಯಲ್ಲಿ ನಾಲ್ಕು ಜನ ಕೂತು ಮಾಡುವ ಕಸುಬಿನ ಲೆಕ್ಕವೇ ಬೇರೆ.

ಆ ಲೆಕ್ಕದ ಗಡುವು ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತಕ್ಕೆ, ಎಂದರೆ ಮೇ ಕೊನೆಯ ವಾರದ ಆಸುಪಾಸಿಗೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಮಳೆಯ ಮೊದಲ ಹನಿ ಬೀಳುತ್ತದೆ. ಹಪ್ಪಳ ಅಷ್ಟರೊಳಗೆ ಡಬ್ಬಿ ಸೇರಬೇಕು. ಸೊಳೆ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ ಸೇರಿಸಿ ನೀರು ಮುಟ್ಟಿಸದೆ ಗುದ್ದಿ, ಉಂಡೆ ಕಟ್ಟಿ ಒತ್ತಿ, ಓಲೆಚಾಪೆಯಲ್ಲಿ ಹರವಿ, ಕಾಗೆ ಓಡಿಸಲು ಮಕ್ಕಳನ್ನು ಕೂರಿಸಿ... ಇದನ್ನೆಲ್ಲ ಓದುಗರಿಗೆ ಹೇಳಬೇಕಾಗಿಲ್ಲ. ಮೂಡುಬಿದಿರೆಯ ವಿದ್ಯಾಗಿರಿಯ ಹಲಸಿನ ಮೇಳದಂಥ ಜಾಗದಲ್ಲಿ ಕಟ್ಟಿನ ಬೆಲೆ ಕೇಳಿ ಹುಬ್ಬೇರಿಸುವವರಿಗೆ ಮಾತ್ರ ಹೇಳಬೇಕು: ಹತ್ತು ಕಿಲೋ ಕಾಯಿ ಬಿಡಿಸಿದರೆ ರೆಚ್ಚೆ, ಗೂಂಜು, ಬೇಳೆ ಕಳೆದು ಕೈಗೆ ಬರುವ ಸೊಳೆ ಸುಮಾರು ಮೂರು ಕಿಲೋ. ಮರ ಹತ್ತಿ ಹಗ್ಗದಲ್ಲಿ ಇಳಿಸುವವರ ಕೂಲಿ, ಬೆರಳಿನ ಮೇಣ ಬಿಡಿಸುವ ಎಣ್ಣೆ ಬೇರೆ. ಒತ್ತುವ ಹೆಂಗಸರ ಕೂಲಿಯನ್ನು ‘ಮನೆಯವರೇ ಅಲ್ಲವೇ’ ಎಂದು ಲೆಕ್ಕಕ್ಕೆ ಹಿಡಿಯದ ಮನೆಗಳಲ್ಲಿ ಲಾಭವೆಂದು ಕಾಣುವುದು ಆ ಕೂಲಿಯೇ.

ಮಳೆಗಾಲಕ್ಕೆ ಏನು ಮಾರುವುದು ಎಂದು ವೇಣೂರಿನ ಕಡೆಯಿಂದ ಪ್ರಶ್ನೆ ಬಂದಿದೆ. ಡ್ರೈಯರ್ ಅನ್ನುವವರಿದ್ದಾರೆ, ಶಾಖ ಹೆಚ್ಚಿಟ್ಟರೆ ಅಂಚು ಮೊದಲು ಒಣಗಿ ಹಪ್ಪಳ ಮುದುರುತ್ತದೆ. ನಾನಾದರೆ ಭರಣಿ ತೋರಿಸುತ್ತೇನೆ. ಏಪ್ರಿಲ್‌ನಲ್ಲಿ ಉಪ್ಪಲ್ಲಿ ಹಾಕಿಟ್ಟ ಸೊಳೆಯನ್ನು ಆಟಿ ತಿಂಗಳಲ್ಲಿ ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ ಹಿಂಡಿ, ನೆನೆದ ಅಕ್ಕಿಯ ಜೊತೆ ಗಟ್ಟಿಯಾಗಿ ಅರೆದು, ಕಾಳಿನಂತೆ ಪುಟ್ಟ ಉಂಡೆ ಕಟ್ಟಿ ಕರಿದು ಉಂಡ್ಲಕಾಳು ಮಾಡಿ. ಬಿಸಿಲಿನ ಹಂಗಿಲ್ಲ, ಮಳೆಯಲ್ಲಿ ಇದರಷ್ಟು ಬೇಡಿಕೆಯ ಕುರುಕಲು ತಿಂಡಿ ನನಗೆ ಗೊತ್ತಿಲ್ಲ. ಆದರೂ ಪ್ಯಾಕೆಟ್ಟಿನಲ್ಲಿ ಅಪರೂಪ. ಕಾರಣವೂ ಇದೆ: ಕಾಳು ಕಟ್ಟುವುದು ಹೊತ್ತು ಹಿಡಿಯುವ ಕೆಲಸ, ಉರಿ ಜೋರಾದರೆ ಬಾಣಲೆಯಲ್ಲಿ ಪಟ್ಟೆಂದು ಸಿಡಿಯುತ್ತದೆ. ಸಣ್ಣ ಉರಿ, ಸಣ್ಣ ಕಾಳು, ಒಲೆಯಿಂದ ಒಂದು ಮಾರು ದೂರ. ಪೂರ್ತಿ ಆರಿದ ಮೇಲಷ್ಟೇ ಪ್ಯಾಕೆಟ್ಟಿಗೆ ಸೀಲ್ ಹಾಕಿ.