ಅಲಗಿನ ಮೇಲಿನ ಶಿಲುಬೆ ಮತ್ತು ನಮ್ಮ ಉಕ್ಕು

ಕಲ್ಲು, ತಾಮ್ರಪಟಗಳಂತೆ ಕತ್ತಿಯ ಅಲಗೂ ಬರಹಕ್ಕೆ ಜಾಗ ಕೊಟ್ಟಿದೆ. ಯುರೋಪಿನಲ್ಲಿ ಸಿಕ್ಕಿರುವ, 9ರಿಂದ 11ನೇ ಶತಮಾನದ 'ಉಲ್ಫ್‌ಬರ್ಟ್' ಕತ್ತಿಗಳನ್ನೇ ನೋಡಿ. ಸುಮಾರು 170 ಸಿಕ್ಕಿವೆ. ಅಲಗಿನ ಮೇಲೆ ಅದೇ ಹೆಸರು. ಇವುಗಳ ಬಗ್ಗೆ 2012ರಲ್ಲಿ ಬಂದ 'ಸೀಕ್ರೆಟ್ಸ್ ಆಫ್ ದಿ ವೈಕಿಂಗ್ ಸ್ವೋರ್ಡ್' ಸಾಕ್ಷ್ಯಚಿತ್ರವನ್ನು ಹಂಚಿಕೊಳ್ಳುವ ನಮ್ಮವರು "ವೈಕಿಂಗರ ಕತ್ತಿಗೆ ನಮ್ಮ ಉಕ್ಕು" ಅಂತ ಬರೆಯುವುದುಂಟು. ಚಿತ್ರ ನೋಡಲೇಬೇಕಾದದ್ದು. ಆದರೆ ಎರಡು ಮಾತು ಹೇಳಬೇಕಿದೆ.

ಮೊದಲು ಅಲಗಿನ ರಚನೆ. ಎರಡೂ ಕಡೆ ಬಾಯಿ, ನಡುವೆ ಉದ್ದಕ್ಕೂ ಒಂದು ತಗ್ಗು. ಇದು ರಕ್ತ ಹರಿಯಲು ಮಾಡಿದ್ದು ಅನ್ನುವುದು ಬರೀ ಕತೆ. ಗಟ್ಟಿತನ ಉಳಿಸಿಕೊಂಡು ತೂಕ ಇಳಿಸುವುದೇ ಅದರ ಕೆಲಸ. ಹಿಡಿಯ ಹತ್ತಿರ, ಆ ತಗ್ಗಿನಲ್ಲೇ ಅಕ್ಷರಗಳಿವೆ. ಕೊರೆದು ಬಿಟ್ಟವಲ್ಲ, ಕಬ್ಬಿಣದ ತುಂಡುಗಳನ್ನು ಕಾದ ಅಲಗಿಗೆ ಬಡಿದು ಕೂರಿಸಿದವು. ಅಂದರೆ ಈ ಬರಹ ಹುಟ್ಟಿದ್ದು ಕುಲುಮೆಯಲ್ಲಿ. ಕಮ್ಮಾರ ರಿಚರ್ಡ್ ಫರ್ರರ್ ಇಂಥ ಅಲಗನ್ನು ಮಾಡಿ ತೋರಿಸುವ ಭಾಗವೇ ಚಿತ್ರದ ಜೀವ.

ಇನ್ನು ತಕರಾರು. ಹೆಸರಿನ ಕೊನೆಯ 'ಟಿ'ಗೆ ಮೊದಲು ಶಿಲುಬೆ ಬಂದರೆ ಅಸಲಿ, ನಂತರ ಬಂದರೆ ನಕಲಿ ಅನ್ನುತ್ತದೆ ಚಿತ್ರ. ಇದಕ್ಕೆ ಆಧಾರ ಅಲನ್ ವಿಲಿಯಮ್ಸ್ ಅವರ ಲೋಹ ಪರೀಕ್ಷೆ: ಹೆಚ್ಚು ಇಂಗಾಲದ ಅಲಗುಗಳು ಹೆಚ್ಚಾಗಿ ಮೊದಲ ಗುಂಪಿನವು. ಒಳ್ಳೆಯ ಸುಳಿವೇ. ಆದರೆ ಕಾಗುಣಿತ ಬದಲಾದ ಮಾತ್ರಕ್ಕೆ ನಾವು ಯಾವುದನ್ನಾದರೂ ಕೂಟಶಾಸನ ಅಂತೀವಾ? ಗಂಗರ ತಾಮ್ರಪಟಗಳ ಚರ್ಚೆಯಲ್ಲಿ ಲಿಪಿ, ಭಾಷೆ, ತೇದಿ ಎಲ್ಲವನ್ನೂ ಕೂಡಿಸಿ ನೋಡಲಾಯಿತು. ಇನ್ನೂರು ವರ್ಷ ಬಾಳಿದ ಹೆಸರು ಒಬ್ಬನೇ ಕಮ್ಮಾರನದ್ದಾಗಿರಲು ಸಾಧ್ಯವಿಲ್ಲ. ಹಾಗಿದ್ದ ಮೇಲೆ 'ಅಸಲಿ' ಯಾರದ್ದು?

ಎರಡನೆಯದು ನಮ್ಮವರ ಹೆಮ್ಮೆ. ವಿಲಿಯಮ್ಸ್ ಬೊಟ್ಟು ಮಾಡಿದ್ದು ವೋಲ್ಗಾ ನದಿಯ ವ್ಯಾಪಾರ ದಾರಿಯತ್ತ, ಇರಾನ್–ಮಧ್ಯ ಏಷ್ಯಾದತ್ತ. ನಮ್ಮ 'ಉಕ್ಕು' ಪದದಿಂದಲೇ ಬಂತೆಂದು ಹಲವರು ಹೇಳುವ 'ವೂಟ್ಜ್' ಅನ್ನು ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟದ್ದು 1795ರಲ್ಲಿ. ಆ ಪದವನ್ನು ಹಿಡಿದು ಎಂಟು ಶತಮಾನ ಹಿಂದಿನ ಕತ್ತಿಗೆ ಹಕ್ಕು ಹೂಡಲಾಗದು.

ಹೂಡುವ ಅಗತ್ಯವೂ ಇಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಉಕ್ಕು ಕರಗಿಸಿದ ಮೂಸೆಗಳ ಚೂರುಗಳೇ ಸಿಕ್ಕಿವೆ. ವೈಕಿಂಗರ ಕತ್ತಿಯ ಪೋಸ್ಟಿಗೆ ಬೀಳುವ ಲೈಕುಗಳಲ್ಲಿ ಹತ್ತರಲ್ಲೊಂದು ಪಾಲು ಆಸಕ್ತಿ ಆ ಚೂರುಗಳ ಕಡೆ ಹರಿದರೆ, ನಮ್ಮ ಉಕ್ಕಿನ ಕತೆಗೆ ಬೇರೆಯವರ ಕತ್ತಿ ಬೇಕಾಗುವುದಿಲ್ಲ.