ಬಾಗಿಲು ಎಲ್ಲಿದೆ?

ರವೀಂದ್ರನಗರದಲ್ಲಿ ಈಚೆಗೆ ಎದ್ದಿರುವ ಕೆಲವು ಮನೆಗಳನ್ನು ನೋಡುವಾಗ ನನ್ನಲ್ಲಿ ಮೂಡುವ ಪ್ರಶ್ನೆ ಇದು. ಗೋಡೆಗೆ ಬಣ್ಣಬಣ್ಣದ ಕಲ್ಲಿನ ಹೊದಿಕೆ, ಬಾಲ್ಕನಿಗೆ ಹೊಳೆಯುವ ಉಕ್ಕಿನ ಕಟಕಟೆ, ಕಂಬಕ್ಕೆ ಸಿಮೆಂಟಿನ ಬಳ್ಳಿ, ಗೇಟಿಗೆ ಬಂಗಾರ ಬಣ್ಣದ ಹೂವು. ಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟದ್ದಲ್ಲ. ಆದರೆ ಎಲ್ಲವೂ ಒಟ್ಟಿಗೆ ಕಣ್ಣನ್ನು ಕರೆಯುವುದರಿಂದ, ಬಂದ ಅತಿಥಿ ಹೊಸ್ತಿಲನ್ನು ಹುಡುಕಬೇಕಾಗುತ್ತದೆ.

ಹಾಗಾದರೆ ಅಲಂಕಾರವೇ ಬೇಡವೆನ್ನುವವರುಂಟು. ಆ ತೀರ್ಪನ್ನು ನಾನು ಒಪ್ಪಲಾರೆ. ಅಲಂಕಾರದ ಹೆಚ್ಚಳವೇ ದೋಷವಾಗಿದ್ದರೆ ಹಳೇಬೀಡಿನ ಹೊಯ್ಸಳೇಶ್ವರದ ಮುಂದೆ ನಾವೆಲ್ಲ ದಿಕ್ಕೆಟ್ಟು ನಿಲ್ಲಬೇಕಾಗಿತ್ತು. 12ನೆಯ ಶತಮಾನದ ಆ ಗುಡಿಯ ಹೊರಮೈಯಲ್ಲಿ ಬರಿಗಲ್ಲು ಕಾಣುವುದೇ ಅಪರೂಪ. ಆದರೂ ಅಲ್ಲಿ ಗೊಂದಲವಿಲ್ಲ. ಬುಡದಲ್ಲಿ ಒಂದರ ಹಿಂದೊಂದು ಆನೆಗಳು. ಅವುಗಳ ಮೇಲೆ ಸಿಂಹ, ಬಳ್ಳಿ, ಕುದುರೆಸವಾರರು. ಒಂದೇ ರೂಪ ಮರುಕಳಿಸುವುದರಿಂದ ಕಣ್ಣು ಅಲ್ಲಿ ತಂಗದೆ ಮುಂದೆ ಸಾಗುತ್ತದೆ. ಮೇಲಿನ ಪುರಾಣಕಥೆಗಳ ಪಟ್ಟಿಕೆಯನ್ನು ನಡೆಯುತ್ತ ಓದಬೇಕು. ಅದಕ್ಕೂ ಮೇಲಿನ ದೊಡ್ಡ ಮೂರ್ತಿಗಳೆದುರು ನಿಲ್ಲಬೇಕು. ದಕ್ಷಿಣದ ಬಾಗಿಲಿಗೆ ಬಂದರೆ ಇಕ್ಕೆಲದಲ್ಲಿ ದ್ವಾರಪಾಲಕರು, ಮೇಲೆ ಮಕರಗಳ ನಡುವೆ ಕುಣಿಯುವ ಶಿವ. ಇಲ್ಲಿಂದ ಒಳಗೆ ಹೋಗಬೇಕೆಂದು ಯಾರೂ ಹೇಳಬೇಕಾಗಿಲ್ಲ.

ನಮಗೆ ಹತ್ತಿರದ, ತರೀಕೆರೆ ಸೀಮೆಯ ಅಮೃತಾಪುರದಲ್ಲಿಯೂ ಇದೇ ವಿವೇಕ. 1196ರ ಅಮೃತೇಶ್ವರ ಗುಡಿಯಲ್ಲಿ ರಾಮಾಯಣ, ಭಾರತ, ಭಾಗವತದ ಕಥೆಗಳಿರುವುದು ತೆರೆದ ಮಂಟಪದ ಸುತ್ತಣ ಗಿಡ್ಡಗೋಡೆಯ ಮೇಲೆ, ಬರುವ ಭಕ್ತನಿಗೆ ನೇರವಾಗಿ ಕಾಣುವಲ್ಲಿ.

ಅರಸರ ಹಣವಿಲ್ಲದ ಮಲೆನಾಡಿನ ಹಳೆಯ ಮನೆಗಳು ಬೇರೊಂದು ದಾರಿ ಹಿಡಿದವು. ಹೆಂಚಿನ ಮಾಡು, ಸುಣ್ಣ ಬಳಿದ ಬರಿಗೋಡೆ; ಬಡಗಿಯ ಉಳಿ ತನ್ನ ಕೈಚಳಕವನ್ನೆಲ್ಲ ಮೀಸಲಿಟ್ಟದ್ದು ಬಾಗಿಲವಾಡಕ್ಕೆ ಮತ್ತು ಜಗಲಿಯ ಕಂಬಕ್ಕೆ. ಸುತ್ತಲಿನ ಗೋಡೆ ಸುಮ್ಮನಿದ್ದುದರಿಂದಲೇ ಆ ಕೆತ್ತನೆಗೆ ಬೆಲೆ ಬಂತು.

ಕಾವ್ಯದಲ್ಲಿ ನಮ್ಮ ಲಾಕ್ಷಣಿಕರು ಔಚಿತ್ಯವೆಂದು ಕರೆದದ್ದನ್ನೇ ಕಟ್ಟಡದಲ್ಲಿಯೂ ನಾವು ಕೇಳಬೇಕು. ಯಾವುದು ಮೊದಲು ಕಾಣಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನು ನಿರ್ಧರಿಸಿದ ಮೇಲೆ ಅಲಂಕಾರದ ಮಾತು. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಇಡೀ ಮುಖಕ್ಕೆ ಹರಡುವ ಹಣದಲ್ಲಿ ಒಂದು ಪಾಲನ್ನು ಬಾಗಿಲಿಗೆ ಕೊಟ್ಟು ಉಳಿದ ಗೋಡೆಗೆ ಸುಣ್ಣ ಬಳಿದರೆ ಸಾಕು. ಮನೆ ಕಟ್ಟಿಸುವವನು ತನ್ನ ಸಿರಿಯನ್ನು ತೋರಿಸಲಿ, ತಪ್ಪಿಲ್ಲ. ಆದರೆ ಬಂದವರಿಗೆ ಬನ್ನಿ ಎನ್ನುವ ಮನೆಗಳು ಬೀದಿಯಲ್ಲಿ ಕಡಮೆಯಾದಷ್ಟೂ ಊರು ಅಪರಿಚಿತವಾಗುತ್ತದೆ.